ಕನೂ ದೋಣಿಯಲ್ಲೊಂದು ಸಿಂಹಾಸನ

ಅಕ್ಕಾ, ಕೆರೆಯ ದಡದಿಂದ ನಿನ್ನ ತಮ್ಮನ ಸಾಷ್ಟಾಂಗ ನಮಸ್ಕಾರ!

ಕನೂ ಎಂಬ ಉದ್ದನೆಯ ಪುಟ್ಟ ದೋಣಿಯಲ್ಲಿ ಒಮ್ಮೆ ಕೂರಬೇಕೆಂದು ನನ್ನ ಹೆಂಡತಿ ಮೂವತ್ತು ವರ್ಷದಿಂದ ಆಸೆಪಟ್ಟಿದ್ದಳಲ್ಲ? ನಿನ್ನೆ ಆ ಮಹಾಮುಹೂರ್ತ ಬಂತು. ದೋಣಿ ಬಾಡಿಗೆಗೆ ಕೊಡುವಾತ ಅಗಲ ತಳದ, ಬೆನ್ನಿಗೆ ಒರಗು ಇರುವ, ತಗ್ಗು ಸೀಟಿನ ಹಸಿರು ದೋಣಿಯೊಂದನ್ನು ತೋರಿಸಿ, "ಮೊದಲ ಸಲ ಅಲ್ವಾ ಯಜಮಾನ್ರೇ? ಇದನ್ನೇ ತಗೊಳ್ಳಿ, ಅಲ್ಲಾಡಲ್ಲ" ಎಂದ. ನಾನು ಕೇಳಬೇಕಲ್ಲ! ನೋಡಲು ಠೀವಿಯಾಗಿದೆ ಎಂದು ಕಿರಿದಾದ ಕೆಂಪು ದೋಣಿಯೇ ಬೇಕೆಂದೆ. ಸಾಲದ್ದಕ್ಕೆ, "ನಲವತ್ತು ವರ್ಷ ನಾಟಕದಲ್ಲಿ ರಾಜನ ಪಾರ್ಟು ಮಾಡಿದವನು ಕುಕ್ಕರುಗಾಲಲ್ಲಿ ಕೂರ್ತೀನೇನಯ್ಯಾ?" ಎಂದು ಗುಡುಗಿ, ಸೀಟಿನ ಮೇಲೆ ಎರಡು ದಿಂಬು ಪೇರಿಸಿದೆ. "ಎತ್ತರ ಕೂತಷ್ಟೂ ಮಗುಚ್ಕೊಳ್ಳತ್ತೆ ಸ್ವಾಮೀ" ಎಂದು ಆತ ತಲೆ ಚಚ್ಚಿಕೊಂಡ.

ಅವಳನ್ನು ಮುಂದೆ ಕೂರಿಸಿಕೊಂಡು ಹೊರಟು, ದಡದ ಜನರತ್ತ ತಿರುಗಿ ಗತ್ತಿನಿಂದ ಕೈಯೆತ್ತಿದೆ ನೋಡು, ರಾಜನೂ ರಾಣಿಯೂ ನೀರುಪಾಲು! ನೀರು ಸೊಂಟದವರೆಗಷ್ಟೇ ಇತ್ತು. ಅವಳಿಗೆ ನೆಗಡಿಯಾಗಿದೆ, ಔಷಧಿ ಕುಡಿದಿದ್ದಾಳೆ, ಗಾಬರಿ ಬೇಡ.

ಇವತ್ತು ಆ ಹಸಿರು ದೋಣಿಯನ್ನೇ ಗೊತ್ತುಮಾಡಿ ಕರೆದರೆ, "ನೀವು ಹೋಗ್ಬನ್ನಿ, ನಂಗೆ ಸಾಕು" ಎಂದಳು. ಬೈಯಲಿಲ್ಲ, ಅಕ್ಕಾ. ಬೈದಿದ್ದರೆ ತಡೆದುಕೊಳ್ಳುತ್ತಿದ್ದೆ. ಒಬ್ಬನೇ ಹೋಗಿ ಬಂದೆ. ತೊಟ್ಟಿಲಿನಲ್ಲಿ ಕೂತಷ್ಟು ಹಾಯಾಗಿತ್ತು. ಅದನ್ನು ಅವಳಿಗೆ ಹೇಳಲು ಮುಖವಿಲ್ಲದೆ ನಿನಗೆ ಬರೆಯುತ್ತಿದ್ದೇನೆ.

ಕಾರ್ಡು ತುಂಬಿತು. ಭಾವನಿಗೆ ನಮಸ್ಕಾರ ತಿಳಿಸು.

ನಿನ್ನ ತಮ್ಮ