ಭೀಮರಾಜ್ ಸರ್ ಕೇಳಿದ ನೀರು

ಮಾರ್ಚ್ 9, ಭಾನುವಾರ. ದೇವನಹಳ್ಳಿ.

ಇವತ್ತು ನನ್ನ ತೊಡೆ ನೋಯುತ್ತಿಲ್ಲ. ನೋವೆಲ್ಲ ಟೆನಿಸ್ ಕೋಚ್ ಭೀಮರಾಜ್ ಸರ್ ಮನೆಗೆ ಹೋಗಿದೆ.

ಎರಡು ವರ್ಷದಿಂದ ಡ್ರಿಲ್ಲಿನಲ್ಲಿ ಅವರು ಬುಟ್ಟಿಯ ಪಕ್ಕ ನಿಂತಲ್ಲೇ ನಿಂತು ಚೆಂಡು ಎಸೆಯುತ್ತಾರೆ, ಮೂಲೆಯಿಂದ ಮೂಲೆಗೆ ಓಡುವವಳು ನಾನು. ನೀರು ಕೇಳಿದರೆ, "ಬುಟ್ಟಿ ಖಾಲಿ ಆಗ್ಲಿ, ಓಡಮ್ಮ!" ಮ್ಯಾಚಿನಲ್ಲಾದರೆ ಪಾಯಿಂಟ್ ಮುಗಿದಾಗ ಉಸಿರೆಳೆಯಲು ಇಪ್ಪತ್ತು ಸೆಕೆಂಡಾದರೂ ಸಿಗುತ್ತದೆ.

ಇವತ್ತು ನನ್ನ ಜೊತೆ ಆಡುವ ಚಂದನ ಬರಲಿಲ್ಲವೆಂದು ನನ್ನೆದುರು ಅವರೇ ಮ್ಯಾಚ್ ಆಡಿದರು. ಪಾಯಿಂಟ್ ಬೇಗ ಮುಗಿಯದಿರಲೆಂದು ಗೆಲ್ಲಬಹುದಾದ ಹೊಡೆತಗಳನ್ನೆಲ್ಲ ಬೇಕೆಂದೇ ಬಿಟ್ಟೆ. ಒಂದು ಚೆಂಡು ನೆಟ್ಟಿನ ಬುಡಕ್ಕೆ, ಮುಂದಿನದು ಅವರ ತಲೆಯ ಮೇಲಿಂದ ಹಿಂದಕ್ಕೆ. ಮೂರನೇ ಗೇಮಿಗೆ ಸೊಂಟ ಹಿಡಿದುಕೊಂಡು, "ಸ್ವಲ್ಪ ನೀರು ಕುಡ್ಕೊಂಡ್ ಬರ್ತೀನಿ ಕಣಮ್ಮ" ಅಂದರು.

"ಕುಡೀರಿ ಸರ್, ಇದೇನ್ ಡ್ರಿಲ್ ಅಲ್ವಲ್ಲ" ಅಂದೆ.

ನಾಳೆ ಎಲ್ಲರಿಗಿಂತ ಮೊದಲೇ ಹೋಗಿ ಬುಟ್ಟಿಯ ಪಕ್ಕ ಅವರಿಗೊಂದು ಕುರ್ಚಿ ಹಾಕಿಡುತ್ತೇನೆ. ಜೊತೆಗೆ ತುಂಬಿದ ನೀರಿನ ಬಾಟಲಿ.