ತಾಯಿಯ ಕಡೆಯಿಂದ ಬಂದದ್ದು

ನಾಪೋಕ್ಲು,
10 ಸೆಪ್ಟೆಂಬರ್ 2024

ಅಮ್ಮ,

ಕ್ಷೇಮ ವಿಚಾರಿಸುವ ಮನಸ್ಸಿಲ್ಲ, ನಮಸ್ಕಾರವನ್ನೂ ಬರೆಯುತ್ತಿಲ್ಲ. ಫೋನ್ ಮಾಡಿದರೆ ನೀನು ಅಳುತ್ತೀಯ, ನಾನು ಸುಮ್ಮನಾಗುತ್ತೇನೆ. ಇಷ್ಟು ವರ್ಷ ನಡೆದದ್ದೇ ಅದು. ಅದಕ್ಕೇ ಕಾಗದ.

ಮಗ ಬದುಕಿದ್ದಾನೆ. ಮೈಸೂರಿನ ಆಸ್ಪತ್ರೆಯಲ್ಲಿ ಅವನ ರಕ್ತವನ್ನೇ ಬದಲಾಯಿಸಿದರು. ಮೊನ್ನೆ ಮನೆಗೆ ಕರೆತಂದೆವು.

ತೊಟ್ಟಿಲಿಗೆ ಹಾಕಿದ ದಿನ ನೆನಪಿದೆಯಲ್ಲ? ನಮ್ಮತ್ತೆ ತಮ್ಮ ಧಾರೆ ಸೀರೆಯನ್ನು ಟ್ರಂಕಿನಿಂದ ತೆಗೆದು ಮಗುವಿಗೆ ಹಾಸಿ ಹೊದೆಸಿದರು. ಈ ಮನೆಯ ಪದ್ಧತಿ. ಕೊಡಗಿನ ಮಳೆಯಲ್ಲಿ ನುಸಿಗುಳಿಗೆ ಇಲ್ಲದೆ ಯಾವ ರೇಷ್ಮೆ ಉಳಿಯುತ್ತದೆ? ಕೋಣೆಯೆಲ್ಲ ಅದೇ ವಾಸನೆ. ನೀನು ಸೆರಗನ್ನು ಮೂಗಿಗೆ ಹಿಡಿದು ನಿಂತಿದ್ದೆ, ಮುಖ ಬಿಳಿಚಿಕೊಂಡಿತ್ತು. ನನ್ನ ಕಿವಿಯಲ್ಲಿ, "ಮಗೂನ ಎತ್ಕೋ, ಸಾಕು" ಅಂದೆ. ಎಂತಕ್ಕೆ ಅಂತ ಕೇಳಿದರೆ "ಎಂತ ಇಲ್ಲ" ಅಂದು ಅಡುಗೆಮನೆಗೆ ಹೋದೆ. ಬೀಗರ ಎದುರು ಬಾಯಿಬಿಟ್ಟರೆ ಮಾನ ಹೋಗುತ್ತದೆಂದು ಹೋದೆ! ಮಗು ಅದರಲ್ಲೇ ಮಲಗಿತು. ಎರಡು ದಿನ ಕಳೆಯುವಷ್ಟರಲ್ಲಿ ಕಣ್ಣು ಅರಿಶಿನ, ಮೂತ್ರ ಕಾಫಿ ಡಿಕಾಕ್ಷನ್.

ತಾಯಿಯ ಕಡೆ ಯಾವುದಾದರೂ ಗಂಡುಮಗುವಿಗೆ ಹೀಗಾಗಿತ್ತೇ ಎಂದು ಡಾಕ್ಟರು ಕೇಳಿದರು. ಇಲ್ಲವೇ ಇಲ್ಲ ಎಂದೆ. ಮಗುವನ್ನು ನೋಡಲು ಬಂದಿದ್ದ ನಿನ್ನ ಅಣ್ಣ, ತಿಮ್ಮಪ್ಪಯ್ಯ ಮಾವ, ತಲೆ ತಗ್ಗಿಸಿ "ಆಗಿತ್ತು, ಗೋಮತಿಯ ಮೊದಲನೇ ಮಗನಿಗೆ. ಉಳೀಲಿಲ್ಲ" ಅಂದರು. ನನಗೊಬ್ಬ ಅಣ್ಣ ಇದ್ದನೆಂದು ತಿಳಿದದ್ದು ಹೀಗೆ, ಆಸ್ಪತ್ರೆಯ ವರಾಂಡದಲ್ಲಿ. ಈ ನ್ಯಾಫ್ತಲೀನ್ ಗುಳಿಗೆ ನಿಮ್ಮ ಮನೆಯ ಮಕ್ಕಳ ಹತ್ತಿರ ಸುಳಿಯಬಾರದೆಂದು ಆಗಿನ ಡಾಕ್ಟರೇ ನಿನಗೆ ಹೇಳಿದ್ದರಂತೆ.

ಜಿ6ಪಿಡಿ ಎಂಬ ಜೀನ್ ಅಂತೆ ಅದು. ಎಕ್ಸ್ ಕ್ರೋಮೋಸೋಮಿನ ತುದಿಯಲ್ಲಿ, ಹದಿಮೂರು ತುಣುಕುಗಳಾಗಿ ಇರುತ್ತದೆ. ಜೀವಕೋಶ ಅದನ್ನು ನಕಲು ಮಾಡಿ, ನಡುವಿನ ಬೇಡದ್ದನ್ನು ಕತ್ತರಿಸಿ, ತುಣುಕುಗಳನ್ನು ಜೋಡಿಸಿ ಓದಿ ಒಂದು ಕಿಣ್ವ ಮಾಡುತ್ತದೆ. ಇಂಥ ವಿಷ ಒಳಹೊಕ್ಕಾಗ ಕೆಂಪು ರಕ್ತಕಣ ಒಡೆಯದಂತೆ ಕಾಯುವುದು ಆ ಕಿಣ್ವ. ಬೇರೆ ಕೋಶಗಳಿಗೆ ಬೇರೆ ದಾರಿಯೂ ಉಂಟು, ಕೆಂಪು ಕಣಕ್ಕೆ ಇದೊಂದೇ. ನಮ್ಮಲ್ಲಿ ಆ ಜೀನ್ ಕೆಟ್ಟಿದೆ. ಹೆಣ್ಣಿಗೆ ಎರಡು ಎಕ್ಸ್ ಇರುವುದರಿಂದ ನೀನೂ ನಾನೂ ಬಚಾವು. ಗಂಡಿಗೆ ಇರುವುದು ತಾಯಿ ಕೊಟ್ಟದ್ದೊಂದೇ. ಕೆಟ್ಟದ್ದು ಯಾರ ತಪ್ಪೂ ಅಲ್ಲ. ಗೊತ್ತಿದ್ದೂ ಸುಮ್ಮನಿದ್ದೆಯಲ್ಲ, ಅದನ್ನು ಹೇಗೆ ಕ್ಷಮಿಸಲಿ?

ಇಷ್ಟಾದ ಮೇಲೂ ನಿನ್ನೆ ಫೋನಿನಲ್ಲಿ ಏನೆಂದೆ? ತನ್ಮಯೀ ಮದುವೆ ಮುಗಿಯುವ ತನಕ ಅವಳಿಗೆ ಹೇಳಬೇಡ, ಕುಟ್ಟದ ಭವಿತ್ ಮನೆಯವರಿಗೆ ತಿಳಿದರೆ ಸಂಬಂಧ ತಪ್ಪುತ್ತದೆ ಎಂದೆ. ನನ್ನ ತಂಗಿಗೂ ಇದು ಬಂದಿರಬಹುದು, ಬಾರದೆಯೂ ಇರಬಹುದು. ರಕ್ತ ಪರೀಕ್ಷೆ ಮಾಡಿಸಿದರೆ ಗೊತ್ತಾಗುತ್ತದೆ. ಅವಳ ಮಗುವಿನ ಪಕ್ಕದಲ್ಲೂ ಬಾಯಿ ಮುಚ್ಚಿಕೊಂಡು ನಿಲ್ಲುತ್ತೀಯಾ? ನಾನು ಬಿಡುವುದಿಲ್ಲ. ಭಾನುವಾರದೊಳಗೆ ನೀನೇ ಹೇಳು, ಇಲ್ಲವಾದರೆ ನಾನು ಹೇಳುತ್ತೇನೆ.

ನಿನ್ನ ಮಗಳೇ ಆದ,
ಶರಣ್ಯಾ

ತಾ.ಕ.: ಲಕೋಟೆ ಅಂಟಿಸುವ ಹೊತ್ತಿಗೆ ತನ್ಮಯೀ ಮಗುವನ್ನು ನೋಡಲು ಬಂದಳು. ತಡೆಯಲಾಗಲಿಲ್ಲ, ಎಲ್ಲ ಹೇಳಿಬಿಟ್ಟೆ. ಭವಿತ್‌ಗೆ ಇಲ್ಲಿಂದಲೇ ಫೋನ್ ಮಾಡಿದಳು, ನಾಳೆ ಇಬ್ಬರೂ ಪರೀಕ್ಷೆಗೆ ಹೋಗುತ್ತಾರಂತೆ. ನನ್ನನ್ನು ಅವಳು ಕೇಳಿದ್ದು ಒಂದೇ, ಅಣ್ಣನ ಹೆಸರೇನು ಎಂದು. ನನಗೆ ಗೊತ್ತಿರಲಿಲ್ಲ. ಅವನಿಗೆ ಹೆಸರಿಟ್ಟಿದ್ದೆಯಾ, ಅಮ್ಮ?