ಗೋಡೆ ಮುಟ್ಟದ ಹಿಮ್ಮಡಿ

ಭಾನುವಾರ, ಮಾರ್ಚ್ 9

"ಆಂಟಿ, ನಿಮಗೆ ಗೋಡೆ ಇರಲಿ."

ಬೆಳಗ್ಗೆಯಿಂದ ಈ ಮಾತು ಹಲ್ಲಿನ ಸಂದಿಗೆ ಸಿಕ್ಕ ನಾರಿನ ಹಾಗೆ ಕಾಡ್ತಿದೆ. ಕೈಮೇಲೆ ನಿಲ್ಲೋದು ಕಲಿಸೋ ಯೋಗ ಶಿಬಿರ. ಉಳಿದವರಿಗೆಲ್ಲ ಹಾಲ್ ನಡುವೆ ಜಾಗ, ನನಗೊಬ್ಬಳಿಗೆ ಚಪ್ಪಲಿ ಗೂಡಿನ ಪಕ್ಕದ ಮೂಲೆ. ಟೀಚರಿಗೆ ನನ್ನ ಮಗಳ ವಯಸ್ಸು. ನನ್ನ ಬಿಳಿಕೂದಲು ನೋಡಿದಳೇ ಹೊರತು ತೋಳು ನೋಡಲಿಲ್ಲ. ಮಳೆಗಾಲದಿಂದ ಬೀರುವಿಗೆ ಕಾಲು ಒರಗಿಸಿ ಪಳಗಿಸಿದ ತೋಳು ಇದು!

ಸಿಟ್ಟಲ್ಲೇ ಕೈ ಊರಿ ಕಾಲೆತ್ತಿದೆ. ಹಿಮ್ಮಡಿ ಗೋಡೆಗೆ ತಾಗುತ್ತೆ ಅಂತ ಕಾದೆ. ತಾಗಲೇ ಇಲ್ಲ. ಗೋಡೆ ಎಲ್ಲೋ ಹಿಂದಿತ್ತು, ನಾನು ನಿಂತಿದ್ದೆ. ಬರೀ ಎರಡು ಅಂಗೈ ಮೇಲೆ, ಹೊಟ್ಟೆ ಬಿಗಿಹಿಡಿದು, ಯಾವ ಆಸರೆಯೂ ಇಲ್ಲದೆ. ಯಾರಾದ್ರೂ ನೋಡ್ರೋ ಅಂತ ಕೂಗಬೇಕು ಅನ್ನಿಸ್ತು. ಆದರೆ ಎಲ್ಲರೂ ಅವಳು ಹೇಳಿದ ಹಾಗೆ ನೆಲ ದಿಟ್ಟಿಸಿ ತಂತಮ್ಮ ಉಸಿರು ಗಮನಿಸ್ತಿದ್ರು. ಅವಳು ಇನ್ಯಾರದೋ ಕಾಲು ಹಿಡಿದಿದ್ದಳು.

ಅವಳು ನನ್ನ ಕಡೆ ತಿರುಗೋದಕ್ಕೂ ಹಿಮ್ಮಡಿ ಹೋಗಿ ಗೋಡೆಗೆ ತಾಗೋದಕ್ಕೂ ಸರಿಹೋಯ್ತು.

"ನೋಡಿದ್ರಾ ಆಂಟಿ, ಗೋಡೆ ಇದ್ರೆ ಎಷ್ಟು ಸುಲಭ!"

ನಾನು ಕಾಲಿಳಿಸಿ ನೆಟ್ಟಗೆ ನಿಲ್ಲೋ ಹೊತ್ತಿಗೆ ಅವಳು ಮುಂದಿನವರ ಹತ್ತಿರ ಹೋಗಿಯಾಗಿತ್ತು.

ಮನೆಗೆ ಬಂದು ಇವರ ಹತ್ತಿರ ಹೇಳಿಕೊಂಡೆ. ಟಿವಿಯಿಂದ ಕಣ್ಣು ತೆಗೆಯದೆ "ಸಾಕ್ಷಿ ಯಾರು?" ಅಂದರು.

ಊಟ ಆದಮೇಲೂ ತಡೆಯಲಾಗದೆ ಬೀರು ಮುಂದೆ ಮತ್ತೆ ಕಾಲೆತ್ತಿದೆ. ಪ್ರತಿ ಸಲವೂ ಹಿಮ್ಮಡಿ ಢಣ್ ಅಂತ ಬಡೀತು. "ಕೆಳಗಡೆ ಮನೆಯವರು ಮಲಗಿದ್ದಾರೆ ಕಣೇ" ಅಂದರು ಇವರು.

ಗೋಡೆಗೂ ಕಿವಿ ಇರುತ್ತಂತೆ. ಇದ್ದು ಏನು ಬಂತು? ಒಂದು ಬಾಯಿ ಇದ್ದಿದ್ದರೆ ಇವತ್ತು ನನ್ನ ಪರ ಸಾಕ್ಷಿ ಹೇಳ್ತಿತ್ತು.